ಕಬ್ಬಿಣ, ಜರ್ಮನ್ ಮತ್ತು ನನ್ನ ಮೈದುನನ ಮದುವೆ

ನಮ್ಮ ಮನೆಗೆ ಟ್ರ್ಯಾಕ್ಟರ್ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಟ್ರ್ಯಾಕ್ಟರ್ ಅಂದರೆ ಬರೀ ಇಂಜಿನ್ನು. ಹಿಂದೆ ಕಟ್ಟುವ ಟ್ರೇಲರನ್ನು ಬೇರೆ ಮಾಡಿಸಬೇಕಿತ್ತು. ಇಂಜಿನ್ನಿಗೆ ಕುಂಕುಮ ಹಚ್ಚಿ, ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿ, ಓಣಿಗೆಲ್ಲ ಮಂಡಕ್ಕಿ ಹಂಚಿದ ಮೇಲೆ ಅದನ್ನು ಅಂಗಳದ ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಹೊಲ ಉಳುವುದಕ್ಕೇನೋ ಅದು ಹೋಗುತ್ತಿತ್ತು, ಬರುತ್ತಿತ್ತು. ಆದರೆ ನಾಲ್ಕು ಚೀಲ ಜೋಳ ಕೊಟ್ಟೂರಿಗೆ ಒಯ್ಯಬೇಕೆಂದರೆ ನಾವು ಹಳೆಯ ಎತ್ತಿನ ಬಂಡಿಯನ್ನೇ ಹೂಡುತ್ತಿದ್ದೆವು. ಬಾಗಿಲಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಬಂಡಿಯಲ್ಲಿ ಹೋಗುವವರನ್ನು ನೋಡಿ ಓಣಿಯವರು ನಗದೆ ಇನ್ನೇನು ಮಾಡುತ್ತಾರೆ?

ಟ್ರೇಲರ್ ಬರದೇ ಇದ್ದದ್ದಕ್ಕೆ ಕಾರಣ ಇಬ್ಬರು. ಒಬ್ಬ ನನ್ನ ಗಂಡ, ಇನ್ನೊಬ್ಬ ಅವನ ತಮ್ಮ, ಅಂದರೆ ನನ್ನ ಮೈದುನ. ಗಂಡನಿಗೆ ಕಬ್ಬಿಣದ ಟ್ರೇಲರ್ ಬೇಕು. ಮೈದುನನಿಗೆ ಜರ್ಮನ್ ಟ್ರೇಲರ್ ಬೇಕು. ನಮ್ಮ ಕಡೆ ಅಲ್ಯೂಮಿನಿಯಂಗೆ ಜರ್ಮನ್ ಅನ್ನುತ್ತಾರೆ. ಜರ್ಮನ್ ಬೋಗುಣಿ, ಜರ್ಮನ್ ಕೊಡ. ಆ ದೇಶಕ್ಕೂ ನಮ್ಮ ಅಡುಗೆಮನೆಗೂ ಏನು ನಂಟೋ ಶಿವನೇ ಬಲ್ಲ. ಮೈದುನ ದಾವಣಗೆರೆಯಲ್ಲಿ ಯಾವುದೋ ಲಾರಿಗೆ ಜರ್ಮನ್ ತಗಡಿನ ಮೈ ಕಟ್ಟಿದ್ದನ್ನು ನೋಡಿ ಬಂದಿದ್ದ. ಬಂದವನ ಕೈಯಲ್ಲಿ ಅಂಗೈಯಗಲದ ಒಂದು ತಗಡಿನ ತುಂಡು. ಉಣ್ಣುವಾಗ ತಟ್ಟೆಯ ಪಕ್ಕ ಅದನ್ನು ಇಟ್ಟುಕೊಂಡು ಉಣ್ಣುತ್ತಿದ್ದ.

"ತುಕ್ಕು ಹಿಡಿಯಲ್ಲ, ಬಣ್ಣ ಬ್ಯಾಡ, ಡೀಸಲ್ ಉಳಿತೈತಿ. ಕೈಯಾಗ ಹಿಡದು ನೋಡಣ್ಣ, ಹಪ್ಪಳ ಇದ್ದಂಗೈತಿ" ಎಂದು ಅಣ್ಣನ ಮುಂದೆ ಚಾಚುತ್ತಿದ್ದ.

"ಹಪ್ಪಳದಾಗ ಜೋಳ ಹೇರ್ತಿಯೇನಲೇ? ಜರ್ಮನ್ ಅಂದ್ರ ಬೋಗುಣಿ. ಬೋಗುಣಿಗೆ ಗಾಲಿ ಹಚ್ಚಿ ಸಂತಿಗಿ ಹೋಗಾಕ ನನಗ ಮಾನ ಐತಿ" ಎನ್ನುತ್ತಿದ್ದ ನನ್ನ ಗಂಡ. ಅವನಿಗೆ ಒಂದು ಚಾಳಿ. ಏನು ಕಂಡರೂ ಬೆರಳು ಮಡಚಿ ಬಡಿದು ನೋಡುತ್ತಾನೆ. ಕಲ್ಲಂಗಡಿ ಇರಲಿ, ಬಾಗಿಲು ಇರಲಿ. ಸದ್ದು ದಪ್ಪಗೆ ಬಂದರೆ ಒಳ್ಳೆಯದು, ತೆಳ್ಳಗೆ ಬಂದರೆ ಕೆಟ್ಟದ್ದು. ನನ್ನನ್ನು ನೋಡಲು ಬಂದಾಗ ನಮ್ಮ ಮನೆಯ ಕಂಬ ಬಡಿದು ನೋಡಿಯೇ ಒಪ್ಪಿದ್ದು ಎಂದು ನನ್ನ ತವರಿನವರು ಇವತ್ತಿಗೂ ನಗುತ್ತಾರೆ.

ನಮ್ಮ ಮಾವ ಯಾರ ಮಾತಿಗೂ ಹೂಂ ಅನ್ನಲಿಲ್ಲ. "ನೀವಿಬ್ರೂ ಸೇರಿ ಒಂದಾ ಮಾತು ಹೇಳ್ರಿ. ಅವತ್ತು ಮಾಡಿಸೋಣ" ಎಂದು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಎದ್ದು ಹೋದರು. ತೊಟ್ಟಿಲಿನಿಂದ ಈಚೆಗೆ ಆ ಇಬ್ಬರು ಒಂದೇ ಮಾತು ಹೇಳಿದ್ದನ್ನು ಹೆತ್ತ ತಾಯಿಯೂ ಕೇಳಿರಲಿಲ್ಲ. ಮಾವನಿಗೆ ಅದು ಗೊತ್ತಿತ್ತು. ಬಹುಶಃ ಅದಕ್ಕೇ ಹಾಗೆ ಹೇಳಿದರು.

ಇಷ್ಟೇ ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮೈದುನ ಒಂದು ದಿನ ನಡುಮನೆಯಲ್ಲಿ ನಿಂತು ಆಣೆ ಮಾಡಿದ. "ಜರ್ಮನ್ ಟ್ರೇಲರ್ ಈ ಅಂಗಳಕ್ಕ ಬರೋತನಕ ನನ್ನ ಮದಿವಿ ಮಾತು ಎತ್ತಬ್ಯಾಡ್ರಿ."

ಅವನ ಮದುವೆ ಅವನಿಗಿಂತ ನನಗೆ ಬೇಕಾಗಿತ್ತು. ನಾನು ಹರಪನಹಳ್ಳಿ ಕಡೆಯವಳು. ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ರಸ್ತೆಯ ಈ ಹಳ್ಳಿಗೆ ಸೊಸೆಯಾಗಿ ಬಂದಾಗಿನಿಂದ ಒಲೆಯ ಮುಂದೆ ನಾನೊಬ್ಬಳೇ. ಮನೆಯವರಿಗೆ, ಆಳುಗಳಿಗೆ, ಬಂದು ಹೋಗುವವರಿಗೆ ರೊಟ್ಟಿ ಬಡಿದು ಬಡಿದು ನನ್ನ ಬಲಗೈ ಎಡಗೈಗಿಂತ ದಪ್ಪ ಆಗಿತ್ತು. ಅತ್ತೆಗೆ ಹೊಲವೇ ಲೋಕ. ಗಂಡಸರ ಜೊತೆ ಮಾತಾಡಿದರೆ ಟ್ರೇಲರ್. ಇನ್ನೊಬ್ಬ ಸೊಸೆ ಬಂದರೆ ರೊಟ್ಟಿ ಅರ್ಧ ಆಗುತ್ತದೆ, ಜೊತೆಗೆ ಮಾತಾಡಲು ಒಂದು ಜೀವ ಸಿಗುತ್ತದೆ ಎಂದು ನಾನು ದಿನ ಎಣಿಸುತ್ತಿದ್ದೆ. ಹೂವಿನಹಡಗಲಿ ಕಡೆ, ಹೊಳಲಿನ ಹತ್ತಿರದ ಒಂದು ಮನೆಯ ಸಂಬಂಧವನ್ನು ಯಾರೋ ಹೇಳಿದ್ದರು. ಮಾವ ಹೋಗಿ ಹುಡುಗಿಯ ಅಪ್ಪನನ್ನು ಕಂಡೂ ಬಂದಿದ್ದರು. ಅಷ್ಟರಲ್ಲಿ ಈ ಆಣೆ! ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಪರೀಕ್ಷೆಗಳು ಶುರುವಾದವು. ಟ್ರೇಲರ್ ಇನ್ನೂ ಇಲ್ಲವಲ್ಲ, ಹಾಗಾಗಿ ಅಣ್ಣತಮ್ಮಂದಿರು ಪರೀಕ್ಷೆಗೆ ಎತ್ತಿಕೊಂಡದ್ದು ನನ್ನ ಪಾತ್ರೆಗಳನ್ನು. ಕಬ್ಬಿಣದ ಬಾಣಲೆಗೂ ಜರ್ಮನ್ ಬೋಗುಣಿಗೂ ಜೋಳ ತುಂಬಿ, ಯಾವುದು ಹೆಚ್ಚು ಕಾಯುತ್ತದೆ ನೋಡಲು ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟರು. ಎರಡೂ ಕಾದವು. ಜೋಳವನ್ನು ಗುಬ್ಬಿಗಳು ತಿಂದವು. ಯಾವುದು ತಗ್ಗು ಬೀಳುತ್ತದೆ ನೋಡಲು ಎರಡರ ಮೇಲೂ ಕಲ್ಲು ಬಿಟ್ಟರು. ಬೋಗುಣಿಯ ಹೊಟ್ಟೆ ಒಳಗೆ ಹೋಯಿತು. ಗಂಡ ಕುಣಿದಾಡಿದ. ಮೈದುನ ಒಳಗಿನಿಂದ ಗುದ್ದಿ ಅದನ್ನು ಮತ್ತೆ ಉಬ್ಬಿಸಿ, "ನೋಡಿದ್ಯಾ, ಕೈಯಾಗ ರಿಪೇರಿ!" ಎಂದ. ಅವತ್ತಿನಿಂದ ಆ ಬೋಗುಣಿ ಒಲೆಯ ಮೇಲೆ ನೆಟ್ಟಗೆ ಕೂತದ್ದೇ ಇಲ್ಲ.

ಕೊನೆಗೆ ಒಂದು ಬೆಳಿಗ್ಗೆ ತೂಕದ ಪರೀಕ್ಷೆಗೆಂದು ನನ್ನ ರೊಟ್ಟಿ ಹಂಚನ್ನೇ ಎತ್ತಿಕೊಂಡು ಹೋದರು. ಮಧ್ಯಾಹ್ನ ಇಬ್ಬರೂ ಕೈಕಾಲು ತೊಳೆದುಕೊಂಡು ಬಂದು ಕೂತಾಗ ತಟ್ಟೆಗೆ ಬರೀ ಮಂಡಕ್ಕಿ ಹಾಕಿದೆ.

"ರೊಟ್ಟಿ?" ಎಂದ ಗಂಡ.

"ಹಂಚು ಪರೀಕ್ಷೆಗೆ ಹೋಗೈತಲ್ಲ. ಪಾಸಾಗಿ ಬಂದ ಮೇಲೆ ಬಡೀತೀನಿ" ಎಂದೆ. ಸಂಜೆಯೊಳಗೆ ಹಂಚು ತೊಳೆದು ಒಲೆಯ ಪಕ್ಕ ಕೂತಿತ್ತು.

ಕೊಟ್ಟೂರಿನ ವೆಲ್ಡಿಂಗ್ ಅಂಗಡಿಗೂ ಹೋಗಿ ಬಂದರು. ಅಂಗಡಿಯವನು ಕಬ್ಬಿಣ ಎಷ್ಟು ಬೇಕಾದರೂ ಬೆಸೆದು ಕೊಡುತ್ತೇನೆ, ಜರ್ಮನ್ ಬೆಸೆಯುವುದು ನನ್ನಿಂದಾಗದು, ಒಡೆದರೆ ದಾವಣಗೆರೆಗೇ ಹೊತ್ತುಕೊಂಡು ಹೋಗಬೇಕು ಎಂದನಂತೆ. ಗಂಡ ಗೆದ್ದೆ ಎಂದುಕೊಂಡ. "ಒಡಿಯಾದಾ ಇಲ್ಲಂದ್ರ ಬೆಸಿಯೋದು ಯಾಕ?" ಎಂದು ಮೈದುನ ಅಲ್ಲೇ ಪಟ್ಟು ಹಿಡಿದನಂತೆ. ಹಗರಿಬೊಮ್ಮನಹಳ್ಳಿಯ ಇನ್ನೊಂದು ಅಂಗಡಿಯಲ್ಲಿ ಇವರನ್ನು ನೋಡುತ್ತಲೇ ಊಟಕ್ಕೆ ಹೊರಟಿದ್ದೇವೆ ಎಂದು ಬಾಗಿಲು ಎಳೆದುಕೊಂಡರಂತೆ. ಇವರ ಸುದ್ದಿ ಇವರಿಗಿಂತ ಮೊದಲೇ ಅಲ್ಲಿಗೆ ಹೋಗಿರಬೇಕು.

ಹೀಗೇ ಹುರುಳಿ ಕಟಾವಿನ ಕಾಲ ಬಂತು. ನಮ್ಮ ಕಡೆ ಹುರುಳಿಗೆ ಬೇರೆ ಕಣ ಬೇಡ. ಡಾಂಬರು ರಸ್ತೆಯೇ ಕಣ. ಬಳ್ಳಿ ಸಮೇತ ಕಿತ್ತು ತಂದು ರಸ್ತೆಯ ಉದ್ದಕ್ಕೂ ಹಾಸುತ್ತೇವೆ. ಉಜ್ಜಿನಿಗೆ ಹೋಗುವ ಬಸ್ಸು, ಲಾರಿ, ಜೀಪು ತುಳಿದು ತುಳಿದು ಕಾಯಿ ಒಡೆಯುತ್ತದೆ. ನಾವು ನಡುನಡುವೆ ಕವಲು ಕೋಲಿನಿಂದ ಬಳ್ಳಿ ತಿರುವಿ ಹಾಕಿದರಾಯಿತು. ಡ್ರೈವರುಗಳು ಬೈಯುತ್ತಾರೆ. ನಾವೂ ಬೈಯುತ್ತೇವೆ. ಬೈದಾಟದಲ್ಲಿ ಹುರುಳಿ ಆಗುತ್ತದೆ.

ಮೈದುನ ನಮ್ಮ ಹರಪನಹಳ್ಳಿ ಕಡೆಯ ಅರಸೀಕೆರೆಯ ಗೆಳೆಯನೊಬ್ಬನ ಹತ್ತಿರ ಜರ್ಮನ್ ಟ್ರೇಲರ್ ಇದೆ ಎಂದು ಪತ್ತೆ ಹಚ್ಚಿ, ಒಂದು ದಿನದ ಮಟ್ಟಿಗೆ ಬೇಡಿ ತಂದ. ಬೆಳ್ಳಗೆ ಹೊಳೆಯುತ್ತಿತ್ತು. ಗಂಡ ಹೋಗಿ ಬಡಿದು ನೋಡಿ ಮುಖ ಹಿಂಡಿದ. ಹಿಂದಿನ ಓಣಿಯವರ ಕಬ್ಬಿಣದ ಟ್ರೇಲರನ್ನು ತಾನೂ ತಂದು ನಿಲ್ಲಿಸಿದ. ಎರಡನ್ನೂ ಓಡಿಸಿ ನೋಡಿ ಅವತ್ತೇ ತೀರ್ಮಾನ ಮಾಡುವುದೆಂದಾಯಿತು. ಮಾವ ಕೂಡ್ಲಿಗಿಗೆ ಹೋಗಿದ್ದರು. ಓಡಿಸುವುದು ಓಡಿಸುತ್ತೀರಿ, ನನ್ನ ಹುರುಳಿ ಮೇಲೆ ಓಡಿಸಿ ಎಂದರು ಅತ್ತೆ. ರಸ್ತೆಯಲ್ಲಿ ಹುರುಳಿ ಹಾಸಿದ್ದ ಓಣಿಯ ಹೆಂಗಸರೆಲ್ಲ ಹೌದೌದು ಎಂದರು.

ಮೊದಲು ಕಬ್ಬಿಣದ್ದು ಹಾಯಿತು. ಅತ್ತೆ ಬಗ್ಗಿ ಒಂದು ಹಿಡಿ ಬಳ್ಳಿ ಎತ್ತಿ ಕಾಯಿ ಹಿಸುಕಿದರು. ಕಾಳು ಉದುರಿತು. ಗಂಡ ಮೀಸೆ ತಿರುವಿದ. ಆಮೇಲೆ ಜರ್ಮನ್ ಹಾಯಿತು. ಬಳ್ಳಿಯ ಮೇಲೆ ಅದು ಟಣ್ ಟಣ್ ಎಂದು ನೆಗೆಯುತ್ತ ಹೋಯಿತು. ಕಾಯಿ ಹಾಗೇ ಇದ್ದವು.

"ಇದು ತುಳಿಯಾಕ ಬಂದೈತೋ ಕುಣಿಯಾಕ ಬಂದೈತೋ?" ಎಂದರು ಅತ್ತೆ.

"ಭಾರ ಇಲ್ಲಬೇ ಅದಕ್ಕ. ಭಾರ ಹಾಕಿದ್ರ ತುಳಿತೈತಿ. ಕಲ್ಲು ಹೇರ್ರಿ ನಾಕು" ಎಂದು ಮೈದುನ ಇಂಜಿನ್ ಮೇಲಿಂದಲೇ ಕೂಗಿದ.

"ಕಲ್ಲು ಯಾಕ ಬೇಕಲೇ? ನಾವು ಇಲ್ಲೇನು, ಸತ್ತೀವೇನು?" ಎಂದು ಅತ್ತೆ ಸೀರೆ ಎತ್ತಿ ಕಟ್ಟಿ ಟ್ರೇಲರ್ ಹತ್ತಿದರು. ಅವರ ಹಿಂದೆ ಓಣಿಯ ಹೆಂಗಸರೆಲ್ಲ ಹತ್ತಿದರು. ಸೊಂಟ ನೋವಿನವರೂ ಹತ್ತಿದರು. ಬಳ್ಳಿ ತಿರುವಿ ಹಾಕಲು ಯಾರಾದರೂ ಬೇಕಲ್ಲ, ನಾನು ಕೆಳಗೆ ಉಳಿದೆ. ಟ್ರ್ಯಾಕ್ಟರ್ ಹೊರಟಿತು. ಬಸವಣ್ಣನ ಗುಡಿಯ ತನಕ ಹೋಗುವುದು, ತಿರುಗಿಸಿಕೊಂಡು ಬರುವುದು. ಹೆಂಗಸರು ಒಬ್ಬರ ಮೇಲೊಬ್ಬರು ಬೀಳುತ್ತ, ಕಿರುಚುತ್ತ, ನಗುತ್ತ ನಿಂತಿದ್ದರು. ಈ ಸಲ ಕಾಯಿ ಪಟಪಟ ಒಡೆದವು. ಗಂಡ ರಸ್ತೆ ಬದಿಯಲ್ಲಿ ಕೈಕಟ್ಟಿ ನಿಂತು, "ಇದು ಮೋಸ, ಇದು ಲೆಕ್ಕಕ್ಕ ಬರಲ್ಲ" ಎಂದು ಒಂದೇ ಸಮನೆ ಹೇಳುತ್ತಿದ್ದ. ಕೇಳುವವರು ಯಾರು?

ಅದೇ ಹೊತ್ತಿಗೆ ಕೊಟ್ಟೂರಿನ ಕಡೆಯಿಂದ ಒಂದು ಬಾಡಿಗೆ ಜೀಪು ಬಂತು. ಹುರುಳಿ ಬಳ್ಳಿ ಗಾಲಿಯ ಸಂದಿಗೆ ಸುತ್ತಿಕೊಂಡು ನಿಂತೇಬಿಟ್ಟಿತು. ಡ್ರೈವರ್ ಕುಡುಗೋಲು ಇಸಿದುಕೊಂಡು ಕೆಳಗೆ ತೂರಿದ. ಜೀಪಿನಿಂದ ಬಿಳಿ ಪಂಚೆ ಉಟ್ಟ, ಮೈತುಂಬಿದ ಯಜಮಾನರೊಬ್ಬರು, ಅವರ ಹೆಂಡತಿ, ಒಬ್ಬಳು ಹುಡುಗಿ ಇಳಿದರು. ಉಜ್ಜಿನಿಗೆ ಹಣ್ಣುಕಾಯಿ ಮಾಡಿಸಲು ಹೊರಟವರು ಎಂದುಕೊಂಡೆವು. ತಿರುಗಿಸಿಕೊಂಡು ಬಂದ ಟ್ರೇಲರಿನ ಮೇಲಿಂದ ಅತ್ತೆಯ ಕಣ್ಣು ಆ ಯಜಮಾನರ ಮೇಲೆ ಬಿತ್ತು.

"ಏನ್ರೀ ಯಜಮಾನ್ರೇ, ಹೆಂಗೂ ಸುಮ್ನ ನಿಂತೀರಿ. ಮೈಯಾಗ ಚಲೋ ಅದೀರಿ. ಹತ್ರಿ ಎರಡು ಸುತ್ತು, ನಮ್ಮ ಹುರುಳಿ ಆದ್ರ ನಿಮಗ ಪುಣ್ಯ ಬರ್ತೈತಿ!"

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರೋ ಏನೋ. ಅವರೂ ಹುರುಳಿ ಬೆಳೆಯುವವರೇ ಇರಬೇಕು. "ಬರ್ರಿ ಹಂಗಾದ್ರ" ಎಂದು ಪಂಚೆ ಎತ್ತಿ ಕಟ್ಟಿದರು. ಹೆಂಗಸರು ಮೇಲಿಂದ ಜಗ್ಗಿದರು, ನನ್ನ ಗಂಡ ಕೆಳಗಿನಿಂದ ನೂಕಿದ. ಜರ್ಮನ್ ಗೆಲ್ಲುವುದಕ್ಕೆ ತಾನೇ ಕೈಹಚ್ಚುತ್ತಿದ್ದೇನೆ ಎಂಬುದು ಅವನಿಗೆ ಹೊಳೆಯಲಿಲ್ಲ. ಯಜಮಾನರ ಹೆಂಡತಿಯೂ ಹತ್ತಿದರು.

ಹುಡುಗಿ ಕೆಳಗೇ ಉಳಿದಳು. ಪಕ್ಕದಲ್ಲಿ ಬಿದ್ದಿದ್ದ ಇನ್ನೊಂದು ಕವಲು ಕೋಲು ಎತ್ತಿಕೊಂಡು, ನಾನು ಹೇಳದೆಯೇ ನನ್ನ ಎದುರು ನಿಂತು ಬಳ್ಳಿ ತಿರುವತೊಡಗಿದಳು.

"ಅಕ್ಕ, ಆ ಟ್ರ್ಯಾಕ್ಟ್ರು ಎಲ್ಲಿಗೆ ಹೊಂಟೈತಿ?" ಎಂದಳು.

"ಎಲ್ಲಿಗೂ ಇಲ್ಲವ್ವ. ನಮ್ಮನೆ ಸಂಸಾರ ಹೆಂಗೈತೋ ಹಂಗೇ ಅದೂ ಸುತ್ತಾಕತ್ತೈತೆ" ಎಂದೆ.

ಅವಳು ನಕ್ಕಳು. ನನ್ನ ಮಾತಿಗೆ ಯಾರಾದರೂ ನಕ್ಕು ಎಷ್ಟು ದಿನ ಆಗಿತ್ತೋ! ಕಟ್ಟೆ ಒಡೆದ ಹಾಗೆ ಎಲ್ಲ ಹೇಳಿಬಿಟ್ಟೆ. ಕಬ್ಬಿಣ, ಜರ್ಮನ್, ಗುಬ್ಬಿಗಳು, ಹಂಚು, ಆಣೆ, ಯಾವುದನ್ನೂ ಬಿಡಲಿಲ್ಲ. "ಹಡಗಲಿ ಕಡೆ ಒಂದು ಹುಡುಗಿ ನೋಡ್ಯಾರೆ. ಪಾಪ, ಅದರ ಪುಣ್ಯ ಚೆನ್ನಾಗಿದ್ರೆ ಈ ಟ್ರೇಲರ್ ಬರೋದೇ ಇಲ್ಲ ಬಿಡು" ಎಂದೂ ಸೇರಿಸಿದೆ.

ಹುಡುಗಿ ಕೋಲು ನಿಲ್ಲಿಸಿದಳು. "ಯಾರಕ್ಕ ಆ ಹುಡುಗ?"

"ಅಗೋ, ಇಂಜಿನ್ ಮ್ಯಾಲೆ ಟವೆಲ್ ಸುತ್ಕಂಡು ಕುಂತಾನಲ್ಲ, ಅವ್ನೇ."

"ಕುಡಿತಾನೇನು?"

"ಇಲ್ಲವ್ವ. ಚಾ ಕೂಡ ಎರಡನೇ ಸಲ ಕೇಳಲ್ಲ. ಬಾಯಿ ಮಾಡ್ತಾನೆ, ಕೈ ಮಾಡೋನಲ್ಲ. ತಲೆಯೊಂದು ಜರ್ಮನ್ ಆಗೈತೆ."

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತು ಇಬ್ಬರೂ ಬಳ್ಳಿ ತಿರುವಿದೆವು. ಆಮೇಲೆ ಕೇಳಿದಳು: "ನಿಮಗ ಯಾವುದು ಬೇಕಕ್ಕ? ಕಬ್ಬಿಣದ್ದಾ, ಜರ್ಮನ್ನಾ?"

ನನ್ನ ಕೈ ನಿಂತುಹೋಯಿತು. ಇಷ್ಟು ತಿಂಗಳ ಗಲಾಟೆಯಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಚೀಲ ತುಂಬುವವರು ನಾವು, ಇಳಿಸುವಾಗ ಹಿಂದಿನ ಬಾಗಿಲು ತೆಗೆದು ಹಿಡಿಯುವವರು ನಾವು. "ನಂಗೆ ಯಾವುದಾದ್ರೂ ಸರಿ. ಹಿಂದಿನ ಬಾಗಿಲೊಂದು ಹಗುರ ಇರ್ಲಿ. ಕಬ್ಬಿಣದ ಬಾಗ್ಲು ಎತ್ತೋದ್ರಾಗೆ ಜೀವ ಹೋಗ್ತೈತೆ" ಎಂದೆ. ಹೇಳಿದ ಮೇಲೆ ನನಗೇ ಗೊತ್ತಾಯಿತು, ನನಗೂ ಒಂದು ಅಭಿಪ್ರಾಯ ಇತ್ತು ಎಂದು.

ಅಷ್ಟರಲ್ಲಿ ಕೂಡ್ಲಿಗಿ ಕಡೆಯಿಂದ ಬಂದ ಬಸ್ಸು ಜೀಪಿನ ಹಿಂದೆ ನಿಂತಿತು. ಮಾವ ಇಳಿದು ಬಂದರು. ರಸ್ತೆಯ ನಡುವೆ ಹೆಂಗಸರನ್ನು ಹೇರಿಕೊಂಡು ಬರುತ್ತಿದ್ದ ಟ್ರೇಲರನ್ನೂ, ಆ ಹೆಂಗಸರ ನಡುವೆ ಪಂಚೆ ಎತ್ತಿ ಕಟ್ಟಿ ನಿಂತಿದ್ದ ಯಜಮಾನರನ್ನೂ ನೋಡಿ ಅವರ ಹೆಗಲ ಮೇಲಿನ ಟವೆಲ್ ಜಾರಿತು.

"ಯಜಮಾನ್ರೇ! ಹೊಳಲು ಕಡಿಯವರು ನೀವು! ಇಲ್ಲಿ ಯಾಕ ಹತ್ತೀರಿ?"

"ಭಾರಕ್ಕ ಹತ್ತೀನ್ರಿ" ಎಂದರು ಆ ಯಜಮಾನರು, ಮೀಸೆಯಲ್ಲಿ ಹುರುಳಿ ಹೊಟ್ಟು ಸಿಕ್ಕಿಸಿಕೊಂಡು. "ದೇವರಿಗೆ ಹೊಂಟಿದ್ವಿ. ದಾರ್ಯಾಗ ನಿಮ್ಮ ಮನಿ ನೋಡ್ಕೊಂಡು ಹೋಗೋಣ ಅಂತ ಮಗಳನ್ನೂ ಕರ್ಕೊಂಡು ಬಂದಿದ್ವಿ."

ಅತ್ತೆ ಟ್ರೇಲರಿನಲ್ಲೇ ಕುಸಿದು ಕೂತರು. ಮೈದುನ ಇಂಜಿನ್ ಆರಿಸುವುದನ್ನು ಮರೆತು ಕೆಳಗೆ ಹಾರಿದ. ನನ್ನ ಸ್ಥಿತಿ ಹೇಳುವುದೇ ಬೇಡ. ನಾನು ನಾಲಿಗೆ ಕಚ್ಚಿಕೊಂಡು ಹುಡುಗಿಯ ಮುಖ ನೋಡಿದೆ. ಅವಳು ಏನೂ ಆಗದವಳ ಹಾಗೆ ಬಳ್ಳಿ ತಿರುವುತ್ತಿದ್ದಳು.

ಮನೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟೆವು, ಅವಲಕ್ಕಿ ಕೊಟ್ಟೆವು. ತಿಳಿಸುತ್ತೇವೆ ಎಂದು ಹೇಳಿ ಹೋದರು. ಹೋದವರು ತಿಳಿಸಲೇ ಇಲ್ಲ. ದಿನಗಳು ಕಳೆದವು. ಬೀಗರಾಗುವವರನ್ನು ಕಲ್ಲಿನ ಬದಲು ಹೇರಿದೆನಲ್ಲ ಎಂದು ಅತ್ತೆ ಹಣೆ ಬಡಿದುಕೊಂಡರು. ಕೆಡಿಸಿದ್ದು ನಾನೇ ಎಂದು ನನಗೆ ಖಾತ್ರಿಯಿತ್ತು. ಸಿಗದೆ ಸಿಗದೆ ಒಬ್ಬಳು ಸಿಕ್ಕಿದ್ದಳು, ಅವಳನ್ನು ನನ್ನ ಬಾಯಾರೆ ಓಡಿಸಿದೆ. ರೊಟ್ಟಿ ಬಡಿಯುವಾಗ ಅದೇ ನೆನಪಾಗಿ ರೊಟ್ಟಿ ಹರಿಯುತ್ತಿತ್ತು.

ಮೈದುನ ಮಂಕಾದ. ಒಂದು ಬೆಳಿಗ್ಗೆ ಜರ್ಮನ್ ತುಂಡನ್ನು ಗೂಡಿನಲ್ಲಿಟ್ಟು ಬಂದು, "ಅಣ್ಣ, ಕಬ್ಬಿಣದ್ದನ್ನಾ ಮಾಡಿಸೋಣ ಬಿಡು" ಎಂದ. ನಾನು ಬಾಗಿಲ ಹಿಂದೆ ನಿಂತು ಕೈಮುಗಿದೆ. ಇನ್ನೇನು ಇಬ್ಬರದೂ ಒಂದೇ ಮಾತಾಯಿತು! ಆದರೆ ತಮ್ಮನ ಸೋತ ಮುಖವನ್ನು ಅಣ್ಣನಿಗೆ ನೋಡಲಾಗಲಿಲ್ಲ. "ಬ್ಯಾಡಲೇ ತಮ್ಮ, ನಿನ್ನ ಜರ್ಮನ್ನಾ ಬರಲಿ" ಎಂದ.

"ಏ ಬ್ಯಾಡಣ್ಣ, ಕಬ್ಬಿಣ ಗಟ್ಟಿ ಇರ್ತೈತಿ."

"ಗಟ್ಟಿ ತಗೊಂಡು ಏನ್ಮಾಡ್ತಿ? ತುಕ್ಕು ಹಿಡಿತೈತಿ. ಜರ್ಮನ್ ಹಗುರ."

"ಹಗುರ ಆದ್ರ ಹುರುಳಿ ಒಡಿಯಲ್ಲ!"

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಕೂಗಿ ಕೂಗಿ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ನಡುಮನೆಗೆ ಬಂದು ಮಾವನ ಮುಂದೆ ನಿಂತೆ.

"ಮಾವಾ, ಮೈಯೆಲ್ಲಾ ಕಬ್ಬಿಣದ್ದು ಮಾಡ್ಸ್ರಿ. ಹಿಂದಿನ ಬಾಗ್ಲೊಂದು ಜರ್ಮನ್ ತಗಡಿನದು ಇರ್ಲಿ. ಬೆಸಿಯೋದು ಬೇಡ, ನಟ್ಟು ಬೋಲ್ಟು ಹಾಕ್ಸ್ರಿ. ಎತ್ತೋಳು ನಾನು."

ಮಾವ ನನ್ನನ್ನು ದಿಟ್ಟಿಸಿ, "ಇಷ್ಟು ದಿನ ಯಾಕ ಹೇಳಲಿಲ್ಲವ್ವ?" ಎಂದರು.

"ಯಾರು ಕೇಳಿದ್ರು ಮಾವಾ?"

ಮಾವ ಅವತ್ತೇ ಕೊಟ್ಟೂರಿಗೆ ಹೋಗಿ ಹೇಳಿ ಬಂದರು. ಟ್ರೇಲರ್ ಬಂತು. ಕಪ್ಪು ಮೈ, ಬಿಳಿ ಬಾಗಿಲು. ಬಾಗಿಲಿನ ಲಟಲಟ ಸದ್ದಿಗೆ ಊರಿನ ನಾಯಿಗಳೆಲ್ಲ ಎದ್ದು ಕೂರುತ್ತಿದ್ದವು. ನಾನು ಒಂದೇ ಕೈಯಲ್ಲಿ ಅದನ್ನು ಎತ್ತಿ ಕೊಂಡಿ ಹಾಕಿದೆ. ಸಂತೋಷವಾಯಿತು. ಆದರೆ ಎತ್ತಿ ತೋರಿಸಬೇಕೆಂದು ಮನಸ್ಸಾದವಳು ಅಲ್ಲಿರಲಿಲ್ಲ.

ಹುರುಳಿಯೆಲ್ಲ ಚೀಲ ಸೇರಿದ ಮೇಲೆ ಹಡಗಲಿ ಕಡೆಯ ಮಧ್ಯಸ್ಥ ಬಂದ. ಉಜ್ಜಿನಿಯಿಂದ ಹೋದ ಕೂಡಲೇ ಅವರ ಮನೆಯಲ್ಲಿ ಯಾರೋ ಹಿರಿಯರು ತೀರಿಕೊಂಡು ಸೂತಕ ಬಂದಿತ್ತಂತೆ, ಅದಕ್ಕೇ ತಡ. ಹುಡುಗಿ ಅವತ್ತು ಜೀಪಿನಲ್ಲೇ ಒಪ್ಪಿಯಾಗಿತ್ತಂತೆ. ಅತ್ತೆ ದೇವರ ಮುಂದೆ ದೀಪ ಹಚ್ಚಿದರು. ಮೈದುನನಿಗೆ ಆಣೆ ನೆನಪಿಸಿದರೆ, "ಬಾಗಿಲು ಜರ್ಮನ್ ಐತಲ್ಲ, ನಡೀತೈತಿ" ಎಂದ.

ಮದುವೆಯಾಗಿ ಬಂದವಳ ಜೊತೆ ಮೊದಲ ದಿನ ಒಲೆಯ ಮುಂದೆ ಕೂತೆ. ಅವಳು ಬಡಿದ ರೊಟ್ಟಿ ಮೂರು ಮೂಲೆ, ಅಂಚೆಲ್ಲ ಸೀಳು. ನನ್ನ ಕೆಲಸ ಅರ್ಧವಾಗುವ ಲಕ್ಷಣವೇನೂ ಕಾಣಲಿಲ್ಲ. ನಾನು ನಗುತ್ತ, "ಅಷ್ಟೆಲ್ಲ ಬಾಯಿಗೆ ಬಂದಂಗೆ ಹೇಳಿದ್ನಲ್ಲೇ, ಅವನ್ನ ಹೆಂಗೆ ಒಪ್ಪಿದೆ ನೀನು?" ಎಂದೆ.

"ಅವರನ್ನ ಎಲ್ಲಿ ನೋಡಿದ್ನಕ್ಕ? ಬರೀ ಧೂಳು ಇತ್ತು" ಎಂದಳು ಅವಳು, ಹಿಟ್ಟು ತಟ್ಟುತ್ತ. "ಅಪ್ಪ ಕೇಳಿದ ಹುಡುಗ ಹೆಂಗ ಅಂತ. ಹುಡುಗ ಗೊತ್ತಿಲ್ಲ, ಆ ಮನ್ಯಾಗ ಒಬ್ಬಾಕಿ ಅಕ್ಕ ಅದಾಳ, ಪಾಪ ಮಾತಾಡಾಕ ಯಾರೂ ಇಲ್ಲ ಆಕಿಗೆ, ನಾ ಅಲ್ಲಿಗೇ ಹೋಗ್ತೀನಿ ಅಂದೆ."